ಕಾಂಪೌಂಡ್ ಬುಡದ ನಿತ್ಯಪುಷ್ಪ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಕಾಂಪೌಂಡ್ ಬುಡದಲ್ಲಿ ನಾಲ್ಕೈದು ನಿತ್ಯಪುಷ್ಪದ ಗಿಡಗಳಿವೆ. ಯಾರೂ ನೆಟ್ಟದ್ದಲ್ಲ, ಸಿಮೆಂಟಿನ ಬಿರುಕಲ್ಲಿ ತಾವೇ ಹುಟ್ಟಿಕೊಂಡವು. ನೀರು ಹಾಕದಿದ್ದರೂ ಐದೆಸಳಿನ ಹೂವಿಗೆ ಬರವಿಲ್ಲ. ಎದುರುಮನೆಯ ರಾಯರು ಬೆಳಗ್ಗೆ ವಾಕಿಂಗ್ ಮುಗಿಸಿ ಬರುವಾಗ ನಾಲ್ಕು ಎಲೆ ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಾರೆ. "ಶುಗರ್‌ಗೆ ಒಳ್ಳೇದು ಸಾರ್. ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ."

ಜಮೈಕಾದವರೂ ಹೀಗೇ ನಂಬಿದ್ದರು. ಇದರ ಎಲೆ ಕುದಿಸಿ ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಕೆನಡಾದ ಡಾಕ್ಟರ್ ಕ್ಲಾರ್ಕ್ ನೋಬಲ್ ಅವರಿಗೆ ಅಲ್ಲಿಂದ ಒಂದು ಲಕೋಟೆ ಬಂತು. ಒಳಗೆ 25 ಎಲೆ. ಅವರು ಅದನ್ನು ಸಂಶೋಧಕನಾಗಿದ್ದ ತಮ್ಮ ರಾಬರ್ಟ್‌ಗೆ ದಾಟಿಸಿದರು. ಇಲಿಗಳಿಗೆ ತಿನ್ನಿಸಿದರೆ ರಕ್ತದ ಸಕ್ಕರೆ ಅಷ್ಟೇನೂ ಇಳಿಯಲಿಲ್ಲ. ಸಾರ ತೆಗೆದು ಇಂಜೆಕ್ಷನ್ ಕೊಟ್ಟಾಗ ಇಲಿಗಳೇ ಸತ್ತುಹೋದವು. ಬಿಳಿ ರಕ್ತಕಣ ಕುಸಿದು ಸೋಂಕು ಹತ್ತಿತ್ತು. ಸಕ್ಕರೆ ಔಷಧಿ ಹುಡುಕುವವರಿಗೆ ಇದು ಪೂರ್ತಿ ಸೋಲು. ಆದರೆ ಬಿಳಿ ರಕ್ತಕಣ ಲಂಗುಲಗಾಮಿಲ್ಲದೆ ಹೆಚ್ಚುವುದೇ ರಕ್ತದ ಕ್ಯಾನ್ಸರ್ ಅಲ್ವಾ? ರಾಬರ್ಟ್ ಎಲೆಯನ್ನು ಬಿಸಾಡಲಿಲ್ಲ. 1958ರ ಹೊತ್ತಿಗೆ ಅವರೂ ಜೀವರಸಾಯನ ವಿಜ್ಞಾನಿ ಚಾರ್ಲ್ಸ್ ಬೀರ್ ಅವರೂ ಅದರಿಂದ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. ಇದೇ ಗಿಡದ ಇನ್ನೊಂದು ವಸ್ತು ವಿನ್‌ಕ್ರಿಸ್ಟಿನ್. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಇವತ್ತಿಗೂ ಅದನ್ನು ಕೊಡುತ್ತಾರೆ.

ಅದು ಮಾಡುವ ಕೆಲಸ ನೋಡಿ. ಒಂದು ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಆಚೆಗೊಂದು ಈಚೆಗೊಂದು ಎಳೆಯಲು ಒಳಗೆ ಹಗ್ಗದಂಥ ಸಣ್ಣ ಕೊಳವೆಗಳು ಬೇಕು. ಟ್ಯೂಬುಲಿನ್ ಎಂಬ ಪ್ರೋಟೀನನ್ನು ಮಣಿ ಪೋಣಿಸಿದ ಹಾಗೆ ಪೋಣಿಸಿ ಕೋಶ ಅವನ್ನು ಕಟ್ಟಿಕೊಳ್ಳುತ್ತದೆ. ವಿನ್‌ಕ್ರಿಸ್ಟಿನ್ ಆ ಮಣಿಗೇ ಅಂಟಿಕೊಂಡು ಪೋಣಿಸಲು ಬಿಡುವುದಿಲ್ಲ. ಕೋಶ ಎರಡಾಗಲೂ ಆಗದೆ, ಒಂದಾಗಿ ಉಳಿಯಲೂ ಆಗದೆ ಸಾಯುತ್ತದೆ. ಬೇಗ ಬೇಗ ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಪೆಟ್ಟು ಜಾಸ್ತಿ. ತೊಂದರೆ ಏನೆಂದರೆ, ನಮ್ಮ ನರಗಳ ಒಳಗೂ ಇಂಥ ಕೊಳವೆಗಳೇ ಸಾಮಾನು ಸಾಗಿಸುವ ರೈಲು ಹಳಿ. ಅದಕ್ಕೇ ಔಷಧಿ ತಗೊಂಡವರ ಬೆರಳ ತುದಿ ಜುಮ್ಮೆನ್ನುತ್ತದೆ. ಅಂಗಿ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗಬಹುದು. ಹಾಗಾಗಿ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ದಾಟಿಸುವುದಿಲ್ಲ, ಅದೂ ರಕ್ತನಾಳಕ್ಕೆ ಮಾತ್ರ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಜೀವವೇ ಹೋಗುತ್ತದೆ. ಸೈಡ್ ಎಫೆಕ್ಟ್ ಇಲ್ಲದ ಗಿಡಮೂಲಿಕೆ ಇದು!

ಎಲೆಯಲ್ಲಿ ವಿನ್‌ಕ್ರಿಸ್ಟಿನ್ ಇರುವುದು ತೀರಾ ಕಡಿಮೆ. ಒಂದು ಗ್ರಾಂ ಬೇಕೆಂದರೆ ನೂರಾರು ಕಿಲೋ ಒಣ ಎಲೆ ಅರೆಯಬೇಕು. ರಾಯರ ನಾಲ್ಕೆಲೆಯಿಂದ ಕ್ಯಾನ್ಸರ್ ವಾಸಿಯಾಗುವ ಮಾತಂತೂ ಇಲ್ಲ.

ಅರಿಶಿನದ್ದು ಉಲ್ಟಾ ಕಥೆ. ದೇವರಾಜ ಮಾರುಕಟ್ಟೆಯಲ್ಲಿ ಗೋಪುರದ ಹಾಗೆ ಒಟ್ಟಿಡುವ ಆ ಹಳದಿ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ವಸ್ತು ಸುಮಾರು 3% ಇರುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದು ಮಹಾ ಶೂರ. ಉರಿಯೂತದ ಸ್ವಿಚ್ ಆರಿಸುತ್ತದೆ, ಕ್ಯಾನ್ಸರ್ ಕೋಶವನ್ನೂ ಕೊಲ್ಲುತ್ತದೆ. ವಾಟ್ಸಾಪ್‌ನಲ್ಲಿ ಓಡಾಡುವುದು ಈ ಅರ್ಧ ಕಥೆ ಮಾತ್ರ. ಹೊಟ್ಟೆಗೆ ಹೋದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅಪರೂಪ. ಸೇರಿದ ಚೂರುಪಾರನ್ನೂ ಲಿವರ್ ಬೇಗ ರೂಪ ಬದಲಿಸಿ ಸಾಗಹಾಕುತ್ತದೆ. ದಿನಕ್ಕೆ 8 ಗ್ರಾಂ ನುಂಗಿಸಿದರೂ ರಕ್ತದಲ್ಲಿ ಕಾಣುವುದು ಲವಲೇಶ. ಅಲ್ಲಿ 2 ಮಿಲಿಗ್ರಾಂಗೆ ಡಾಕ್ಟರ್ ಉಸಿರು ಬಿಗಿಹಿಡಿಯುತ್ತಾರೆ, ಇಲ್ಲಿ 8 ಗ್ರಾಂಗೂ ದೇಹ ಕ್ಯಾರೇ ಅನ್ನುವುದಿಲ್ಲ.

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಇದಕ್ಕೊಂದು ಉಪಾಯ ಹೂಡಿದರು. 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟರು. ರಕ್ತಕ್ಕೆ ಸೇರುವ ಪ್ರಮಾಣ 2000% ಏರಿತು. ಸಂಖ್ಯೆ ದೊಡ್ಡದು, ನಿಜ. ಆದರೆ ಹೆಚ್ಚುಕಡಿಮೆ ಸೊನ್ನೆ ಇದ್ದದ್ದು ಇಪ್ಪತ್ತು ಪಟ್ಟು ಹೆಚ್ಚಿದರೆ ಎಷ್ಟಾದೀತು? ಮತ್ತೆ, ಪೈಪರಿನ್ ತಡೆಹಿಡಿಯುವ ಲಿವರ್ ಕಿಣ್ವಗಳಲ್ಲಿ ವಿನ್‌ಕ್ರಿಸ್ಟಿನನ್ನು ಒಡೆಯುವಂಥವೂ ಇವೆ. ಸಾರಿಗೆ ಹಾಕುವ ಮೆಣಸಿನ ಮಾತಲ್ಲ ಇದು. ಕೀಮೋ ನಡೆಯುವಾಗ ಅರಿಶಿನ-ಮೆಣಸಿನ ಕ್ಯಾಪ್ಸೂಲ್ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಇಷ್ಟನ್ನೂ ರಾಯರಿಗೆ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದೆ. "ಕೀಮೋ ಗಿಡವಾ ಇದು!" ಅಂತ ಕೈಯಲ್ಲಿದ್ದ ಎಲೆ ಉದುರಿಸಿದರು. ಮಾರನೇ ದಿನದಿಂದ ನಮ್ಮ ಗಿಡಕ್ಕೆ ನೆಮ್ಮದಿ. ಪಾರ್ಕಿನ ಬೇವಿನ ಮರದ ಕೆಳಗಿನ ಕೊಂಬೆ ಮಾತ್ರ ಬೋಳಾಗುತ್ತಿದೆ.