ರಾಸ್ಟರ್‌ನಿಂದ ಜಾಗ ತೆಗೆಯುವುದು: ಮಾಸ್ಕ್ ಮತ್ತು ನೋಡೇಟಾ

ಮಂಗಳೂರಿನ ಉಪಗ್ರಹ ಚಿತ್ರ ತೆರೆದರೆ ಪಶ್ಚಿಮಕ್ಕೆಲ್ಲ ಸಮುದ್ರ. ನಮಗೆ ಬೇಕಾದದ್ದು ನೆಲ ಮಾತ್ರ, ಹಾಗಾದ್ರೆ ಸಮುದ್ರವನ್ನು ತೆಗೆದುಬಿಡೋಣ ಅಲ್ವಾ? ತೆಗೆಯಬಹುದು, ಆದರೆ ಕತ್ತರಿಸಿ ಬಿಸಾಡಲು ಆಗುವುದಿಲ್ಲ. ರಾಸ್ಟರ್ ಅಂದರೆ ಸಾಲುಸಾಲಾಗಿ ಜೋಡಿಸಿದ ಪಿಕ್ಸೆಲ್‌ಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಸಾಲು ಯಾವುದೂ ಗಿಡ್ಡವಾಗುವಂತಿಲ್ಲ, ನಡುವೆ ತೂತು ಬೀಳುವಂತಿಲ್ಲ. ಹಾಗಾಗಿ ಬೇಡದ ಪಿಕ್ಸೆಲ್ ಅಲ್ಲೇ ಇರುತ್ತದೆ, ಅದರ ಮೇಲೆ 'ಇಲ್ಲಿ ಮಾಹಿತಿ ಇಲ್ಲ' ಅಂತ ಗುರುತು ಬೀಳುತ್ತದೆ. ಆ ಗುರುತೇ ನೋಡೇಟಾ. ಯಾವ ಪಿಕ್ಸೆಲ್ ಬೇಕು, ಯಾವುದು ಬೇಡ ಅಂತ ಹೇಳುವ ಪದರ ಮಾಸ್ಕ್.

ಸುಮ್ನೆ ಸೊನ್ನೆ ಹಾಕಿದರೆ ಸಾಲದೇ? ಸಾಲದು. ಎತ್ತರದ ರಾಸ್ಟರ್‌ನ ನಾಲ್ಕು ಪಿಕ್ಸೆಲ್ ತೆಗೆದುಕೊಳ್ಳಿ: ನೆಲದ್ದು 60 ಮತ್ತು 80 ಮೀಟರ್, ಸಮುದ್ರದ್ದು ಎರಡೂ ಸೊನ್ನೆ. ಸರಾಸರಿ 35 ಬರುತ್ತದೆ. ನೆಲದ ನಿಜವಾದ ಸರಾಸರಿ 70. ಸೊನ್ನೆಯೂ ಒಂದು ಎತ್ತರವೇ, ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಅದಕ್ಕೇ ಎತ್ತರದ ರಾಸ್ಟರ್‌ಗೆ ಜಾಸ್ತಿ ಜನ -9999 ಬಳಸುತ್ತಾರೆ, ನೆಲದ ಮೇಲೆ ಅಂಥ ಎತ್ತರ ಎಲ್ಲೂ ಇರುವುದಿಲ್ಲವಲ್ಲ. ಹಾಗಂತ ಸಂಖ್ಯೆ ಬರೆದರಷ್ಟೇ ಸಾಲದು, ಇದೇ ನೋಡೇಟಾ ಅಂತ ಫೈಲಿಗೂ ತಿಳಿಸಬೇಕು. ತಿಳಿಸದಿದ್ದರೆ ಮಂಗಳೂರು ಸಮುದ್ರದ ತಳಕ್ಕಿಂತ ಕೆಳಗೆ ಹೋಗುತ್ತದೆ. 8 ಬಿಟ್ ಬಣ್ಣದ ಚಿತ್ರದಲ್ಲಿ 0ರಿಂದ 255ರವರೆಗೆ ಮಾತ್ರ ಜಾಗ, -9999 ಹಿಡಿಸುವುದೇ ಇಲ್ಲ. ಅಲ್ಲಿ 0 ಅನ್ನು ನೋಡೇಟಾ ಮಾಡಿದರೆ ಕಟ್ಟಡದ ಕಡುಗಪ್ಪು ನೆರಳೂ ಮಾಯವಾಗಬಹುದು, ಅದರ ಬದಲು ಆಲ್ಫಾ ಬ್ಯಾಂಡ್, ಅಂದರೆ ಯಾವ ಪಿಕ್ಸೆಲ್ ಕಾಣಬೇಕು, ಯಾವುದು ಪಾರದರ್ಶಕ ಅಂತ ಹೇಳುವ ಪದರ, ಸೇರಿಸುವುದು ಒಳ್ಳೆಯದು.

ನಕ್ಷೆ ಕೆಲಸದ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ 'ಕ್ಲಿಪ್ ರಾಸ್ಟರ್ ಬೈ ಮಾಸ್ಕ್ ಲೇಯರ್' ಟೂಲ್ ನಾವು ಬಿಡಿಸಿದ ಪಾಲಿಗನ್ (ಬಹುಭುಜ) ಒಳಗಿನದ್ದನ್ನು ಉಳಿಸಿ ಹೊರಗಿನದ್ದನ್ನು ತೆಗೆಯುತ್ತದೆ. ನಮಗೆ ಬೇಕಾದದ್ದು ಇದರ ಉಲ್ಟಾ ಇದ್ದರೆ, ಅಂದರೆ ನೇತ್ರಾವತಿ ಮತ್ತು ಫಲ್ಗುಣಿ ಸೇರುವ ಅಳಿವೆಯನ್ನಷ್ಟೇ ತೆಗೆದು ಉಳಿದದ್ದೆಲ್ಲ ಇರಲಿ ಅಂದರೆ, ಇಡೀ ಚಿತ್ರವನ್ನು ಮುಚ್ಚುವ ಆಯತ ಬಿಡಿಸಿ, 'ಡಿಫರೆನ್ಸ್' ಟೂಲಿನಿಂದ ಅಳಿವೆಯ ಪಾಲಿಗನ್ ಕಳೆದು, ಉಳಿದದ್ದನ್ನು ಮಾಸ್ಕ್ ಆಗಿ ಕೊಡಿ. ಪಾಲಿಗನ್ ಒಳಗೆ ನೇರವಾಗಿ ಸಂಖ್ಯೆ ಬರೆಯುವ 'ರಾಸ್ಟರೈಸ್' ದಾರಿಯೂ ಇದೆ. ಅದು ಮೂಲ ಫೈಲನ್ನೇ ತಿದ್ದುತ್ತದೆ, ಮೊದಲು ಕಾಪಿ ಇಟ್ಟುಕೊಳ್ಳಿ.

ಅಂಚನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ರಾಸ್ಟರೈಸ್ ಮಾಡುವಾಗ ಸಾಮಾನ್ಯವಾಗಿ ಪಿಕ್ಸೆಲ್‌ನ ಮಧ್ಯಬಿಂದು ಪಾಲಿಗನ್ ಒಳಗಿದ್ದರೆ ಮಾತ್ರ ಅದು ಹೋಗುತ್ತದೆ. ತಾಗಿದ್ದೆಲ್ಲ ಹೋಗಲಿ ಅನ್ನುವ ಆಯ್ಕೆ ಹಾಕಿದರೆ ಬೆಂಗ್ರೆಯಂಥ ಸಪೂರ ಮರಳುಪಟ್ಟಿ ನದಿಯ ಕಡೆಯಿಂದ ಒಂದು ಸಾಲು, ಕಡಲಿನ ಕಡೆಯಿಂದ ಇನ್ನೊಂದು ಸಾಲು ಕಳೆದುಕೊಳ್ಳಬಹುದು. ಸೆಂಟಿನೆಲ್-2 ಉಪಗ್ರಹದ ಚಿತ್ರದ 10 ಮೀಟರ್ ಪಿಕ್ಸೆಲ್‌ನಲ್ಲಿ ಅದು ಸಣ್ಣ ನಷ್ಟವಲ್ಲ. ಕೆಲಸ ಮುಗಿದ ಮೇಲೆ 'ಐಡೆಂಟಿಫೈ' ಟೂಲ್ ಹಿಡಿದು ಬೆಂಗ್ರೆಯ ಎರಡೂ ದಡದ ಮೇಲೆ ಕ್ಲಿಕ್ ಮಾಡಿ, ಸಂಖ್ಯೆ ಉಳಿದಿದೆಯಾ ನೋಡಿ.