ಹಿಂತಿರುಗಿಸಬಾರದ ನೋಟು

“ಸಾರ್, ಅದನ್ನ ನನಗೇ ಕೊಟ್ಬಿಡಿ, ಯಾರು ಕೊಟ್ರೋ ಅವರಿಗೇ ವಾಪಸ್ ಕೊಡ್ತೀನಿ.” ಖೋಟಾ ನೋಟು ಪತ್ತೆಯಾದಾಗ ಕ್ಯಾಷ್ ಕೌಂಟರಿನ ಆಚೆಯಿಂದ ಕೇಳಿಬರುವ ಮಾತು ಬಹುಮಟ್ಟಿಗೆ ಇದೇ. ಹಾಗೆ ಹೇಳುವವರು ಸಾಮಾನ್ಯವಾಗಿ ಅಪರಾಧಿಗಳಲ್ಲ. ಅಡಿಕೆ ಮಾರಿದ ಹಣವನ್ನೋ ಅಂಗಡಿಯ ದಿನದ ವ್ಯಾಪಾರವನ್ನೋ ಖಾತೆಗೆ ಕಟ್ಟಲು ಬಂದವರು. ಅವರ ಮುಖ ನೋಡಿ ಮರುಕ ಹುಟ್ಟುವುದು ಸಹಜ. ಆದರೆ ಸಿಕ್ಕಿಬಿದ್ದ ನೋಟು ಮತ್ತೆ ಸಂತೆಗೂ ಪೆಟ್ರೋಲ್ ಬಂಕಿಗೂ ಹೋಗುವುದು ಆ ಮರುಕದ ದಾರಿಯಿಂದಲೇ ಎಂಬುದನ್ನು ನಗದು ವಿಭಾಗದಲ್ಲಿ ಕೆಲಸ ಮಾಡಿದವರೆಲ್ಲರೂ ಬಲ್ಲರು.

ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿ ಇದಕ್ಕೆ ವಿನಾಯಿತಿಯಿಲ್ಲ. ಖೋಟಾ ಎಂದು ನಿರ್ಧಾರವಾದ ನೋಟಿನ ಮೇಲೆ ಮುದ್ರೆ ಒತ್ತಿ, ವಶಪಡಿಸಿಕೊಂಡು, ಪ್ರತ್ಯೇಕ ರಿಜಿಸ್ಟರಿನಲ್ಲಿ ದಾಖಲಿಸಬೇಕು. ಅದನ್ನು ತಂದವರಿಗೆ ಮರಳಿಸುವಂತಿಲ್ಲ, ನಾಶ ಮಾಡುವಂತಿಲ್ಲ, ಅದರ ಮೊತ್ತವನ್ನು ಖಾತೆಗೆ ಜಮಾ ಮಾಡುವಂತೆಯೂ ಇಲ್ಲ. ಗ್ರಾಹಕರು ಸಹಿ ಹಾಕಲು ಒಪ್ಪದಿದ್ದರೂ ನಿಗದಿತ ನಮೂನೆಯ ರಸೀದಿಯನ್ನು ಅವರಿಗೆ ಕೊಡಲೇಬೇಕು. ವಶಪಡಿಸಿಕೊಳ್ಳದೆ ಬಿಟ್ಟ ಬ್ಯಾಂಕು ಉದ್ದೇಶಪೂರ್ವಕವಾಗಿ ಚಲಾವಣೆಯಲ್ಲಿ ಭಾಗಿಯಾಯಿತೆಂದು ಪರಿಗಣಿಸಿ ದಂಡ ವಿಧಿಸಲಾಗುತ್ತದೆ. ಪೊಲೀಸರ ಹೆಸರೆತ್ತಿದೊಡನೆ ಬೆವರುವವರು ತಿಳಿಯಬೇಕಾದದ್ದೊಂದಿದೆ: ಒಂದು ವ್ಯವಹಾರದಲ್ಲಿ ನಾಲ್ಕು ನೋಟುಗಳವರೆಗೆ ಸಿಕ್ಕರೆ ಬ್ಯಾಂಕು ತಿಂಗಳಿಗೊಮ್ಮೆ ಒಟ್ಟು ವರದಿಯನ್ನು ಪೊಲೀಸರಿಗೆ ಕಳಿಸುತ್ತದೆ, ಐದು ಅಥವಾ ಹೆಚ್ಚು ಸಿಕ್ಕರೆ ಕೂಡಲೇ ಎಫ್‌ಐಆರ್ ದಾಖಲಾಗಬೇಕು. ಖೋಟಾ ಎಂದು ಗೊತ್ತಿದ್ದೂ ಇನ್ನೊಬ್ಬರಿಗೆ ದಾಟಿಸುವುದು ಮಾತ್ರ ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಮಿನಡಿ ಗಂಭೀರ ಅಪರಾಧ.

ಎಟಿಎಂನಿಂದ ಖೋಟಾ ನೋಟು ಬಂದಿತೆಂಬ ದೂರಿನ ಹಿಂದೆ, ಆ ಯಂತ್ರ ನೋಟನ್ನು ಪರೀಕ್ಷಿಸಿಯೇ ಕೊಡುತ್ತದೆ ಎಂಬ ತಪ್ಪು ಕಲ್ಪನೆಯಿರುತ್ತದೆ. ಹಣ ಕೊಡುವುದಕ್ಕಷ್ಟೇ ಇರುವ ಸಾಮಾನ್ಯ ಎಟಿಎಂ ಎರಡು ನೋಟು ಒಟ್ಟಿಗೆ ಅಂಟಿಕೊಂಡಿವೆಯೇ ಎಂದು ದಪ್ಪವನ್ನು ಅಳೆಯುತ್ತದೆಯೇ ಹೊರತು ಅಸಲಿಯೋ ನಕಲಿಯೋ ಎಂದು ನೋಡುವುದಿಲ್ಲ. ಕ್ಯಾಸೆಟ್ಟಿಗೆ, ಅಂದರೆ ಯಂತ್ರದೊಳಗಿನ ನೋಟಿನ ಪೆಟ್ಟಿಗೆಗೆ, ತುಂಬಿದ್ದು ಹೊರಗೆ ಬರುತ್ತದೆ. ಹೀಗಾಗಿಯೇ 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮುಖಬೆಲೆಯ ನೋಟುಗಳನ್ನು ವಿಂಗಡಣೆ ಯಂತ್ರದಲ್ಲಿ ಪರಿಶೀಲಿಸದೆ ಮರುಚಲಾವಣೆಗೆ ಬಿಡಬಾರದೆಂಬ ನಿಯಮವಿದೆ. ಎಟಿಎಂನಿಂದ ಖೋಟಾ ನೋಟು ಹೊರಬಂದರೆ, ಬ್ಯಾಂಕು ಅದನ್ನು ಚಲಾಯಿಸಲು ಯತ್ನಿಸಿತೆಂದೇ ರಿಸರ್ವ್ ಬ್ಯಾಂಕು ಪರಿಗಣಿಸುತ್ತದೆ. ನಿಯಮ ಮುರಿಯುವುದು ದುರುದ್ದೇಶದಿಂದಲ್ಲ, ಅವಸರದಿಂದ: ಹಬ್ಬದ ಹಿಂದಿನ ದಿನ ಎಟಿಎಂ ಬರಿದಾಗಿದೆ, ವಿಂಗಡಣೆ ಯಂತ್ರದ ಮುಂದೆ ಕಂತೆಗಳ ರಾಶಿಯಿದೆ, ಕೌಂಟರಿಗೆ ಆಗಷ್ಟೇ ಬಂದ ಒಂದು ಕಂತೆ ನೇರವಾಗಿ ಕ್ಯಾಸೆಟ್ ಸೇರುತ್ತದೆ. ನೂರು ನೋಟುಗಳ ಆ ಒಂದೇ ಕಂತೆ ಸಾಕು. ಹಣ ಸ್ವೀಕರಿಸಿ ಅದನ್ನೇ ಮುಂದಿನವರಿಗೆ ಕೊಡುವ ರಿಸೈಕ್ಲರ್ ಯಂತ್ರದ ಮಾತು ಬೇರೆ. ಪರೀಕ್ಷೆ ಅದರೊಳಗೇ ನಡೆಯುವುದರಿಂದ, ಹೊಸ ಮಾದರಿಯ ನಕಲಿಗಳಿಗೆ ತಕ್ಕಂತೆ ಅದರ ತಂತ್ರಾಂಶವನ್ನು ನವೀಕರಿಸದಿದ್ದರೆ ಅದು ಕಣ್ಣಿದ್ದೂ ಕುರುಡು.

2024-25ರಲ್ಲಿ ಬ್ಯಾಂಕಿಂಗ್ ವ್ಯವಸ್ಥೆಯಲ್ಲಿ ಪತ್ತೆಯಾದ ಖೋಟಾ ನೋಟುಗಳು 2,17,396. ಒಟ್ಟು ಸಂಖ್ಯೆ ಹಿಂದಿನ ವರ್ಷಕ್ಕಿಂತ ತುಸು ಇಳಿದರೂ 500 ರೂಪಾಯಿಯ ನಕಲಿಗಳು ಶೇ 37.3ರಷ್ಟು ಏರಿ 1,17,722ಕ್ಕೆ ಮುಟ್ಟಿದವು. ಇದು ಸಿಕ್ಕಿಬಿದ್ದವುಗಳ ಲೆಕ್ಕ ಮಾತ್ರ.

ಅನುಭವಿ ಕ್ಯಾಷಿಯರ್‌ಗೆ ಕಣ್ಣಿಗಿಂತ ಮೊದಲು ಬೆರಳಿಗೆ ಅನುಮಾನ ಬರುತ್ತದೆ. ನೋಟಿನ ಕಾಗದ ಹತ್ತಿಯ ನಾರಿನದು; ಮೈಸೂರಿನಲ್ಲೇ ಅದರ ಕಾರ್ಖಾನೆಯಿದೆ. 500ರ ನೋಟನ್ನು ಓರೆಯಾಗಿಸಿದರೆ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು, ಅಂಚಿನ ಐದು ಉಬ್ಬುಗೆರೆಗಳು ಬೆರಳಿಗೆ ಸಿಗಬೇಕು. ನೇರಳಾತೀತ ದೀಪದಡಿ ಅಸಲಿ ಕಾಗದ ಮಂಕಾಗಿಯೇ ಇರುತ್ತದೆ, ಸಾಮಾನ್ಯ ಬಿಳಿ ಕಾಗದ ಹೊಳೆಯುತ್ತದೆ. ಆದರೆ ಅಂಗಿಯ ಜೇಬಿನಲ್ಲಿ ಉಳಿದು ಸೋಪಿನ ಪುಡಿಯಲ್ಲಿ ಒಗೆಸಿಕೊಂಡ ಅಸಲಿ ನೋಟೂ ಹೊಳೆಯುವುದರಿಂದ, ಆ ದೀಪವೊಂದನ್ನೇ ನಂಬಿ ಮುದ್ರೆ ಒತ್ತಬಾರದು.

ಎಟಿಎಂ ಕೊಟ್ಟ ನೋಟಿನ ಬಗ್ಗೆ ಶಂಕೆ ಮೂಡಿದರೆ ಅಲ್ಲೇ ನಿಂತು ಅದರ ಎರಡೂ ಬದಿಗಳನ್ನು ಕ್ಯಾಮೆರಾಕ್ಕೆ ತೋರಿಸಿ, ವ್ಯವಹಾರದ ಚೀಟಿಯನ್ನು ಇಟ್ಟುಕೊಂಡು ಬ್ಯಾಂಕಿಗೆ ದೂರು ಕೊಡಬೇಕು. ಹೊರಗೆ ಬಂದಮೇಲೆ ಅದು ಅದೇ ಯಂತ್ರದ ನೋಟೆಂದು ಸಾಬೀತುಪಡಿಸುವುದು ಕಷ್ಟ.

ವಶಪಡಿಸಿಕೊಂಡ ನೋಟಿನ ಪಯಣ ಅಲ್ಲಿಗೆ ಮುಗಿಯುವುದಿಲ್ಲ. ಪೊಲೀಸರಿಂದ ಮರಳಿ ಬಂದಮೇಲೆ ಅದನ್ನು ಮೂರು ವರ್ಷ ಭದ್ರವಾಗಿಟ್ಟು, ಅರ್ಧವರ್ಷಕ್ಕೊಮ್ಮೆ ಅಧಿಕಾರಿಯೊಬ್ಬರು ಎಣಿಸಿ ನೋಡಿ, ಕೊನೆಗೆ ರಿಸರ್ವ್ ಬ್ಯಾಂಕಿಗೆ ಕಳಿಸಬೇಕು.