ಕಾರು ಏರಿತು, ಕಂಪನಿ ಕುಸಿಯಿತು: ಫೋರ್ಸ್ ಇಂಡಿಯಾದ ಹನ್ನೊಂದು ವರ್ಷ

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ನಾನು ಬೈಕ್ ಸರ್ವಿಸ್‌ಗೆ ಬಿಡುವ ಗ್ಯಾರೇಜಿನ ತಗಡಿನ ಕಪಾಟಿನ ಮೇಲೆ, ಪಾನಾಗಳನ್ನು ನೇತುಹಾಕಿದ ಮೊಳೆಗಳ ಪಕ್ಕದಲ್ಲಿ, ದಿನಪತ್ರಿಕೆಯಿಂದ ಕತ್ತರಿಸಿದ ಬಣ್ಣದ ಚಿತ್ರವೊಂದು ಅಂಟಿಕೊಂಡಿದೆ. 2011ರ ಅಕ್ಟೋಬರ್ ತಿಂಗಳ ಚಿತ್ರ ಅದು. ಗ್ರೀಸ್ ಮೆತ್ತಿದ ಬೆರಳುಗಳು ತಗುಲಿ ಅಂಚುಗಳು ಕಪ್ಪಾಗಿವೆ. ಬಿಳಿ ಮೈಯ ಕಾರಿನ ಮೇಲಿನ ಕೇಸರಿ ಮತ್ತು ಹಸಿರು ಪಟ್ಟೆಗಳು ಮಾತ್ರ ಇನ್ನೂ ಗುರುತು ಸಿಗುತ್ತವೆ. ಈಚೆಗೊಂದು ದಿನ ಚೈನು ಬಿಗಿ ಮಾಡುತ್ತಿದ್ದ ಮಿಸ್ತ್ರಿ ಆ ಚಿತ್ರದತ್ತ ಗದ್ದ ಎತ್ತಿ ಕೇಳಿದರು: “ಆ ನಮ್ಮ ಟೀಮ್ ಈಗ ಎಲ್ಲಿ ಅದರೀ ಸರ? ಮುಳುಗೇ ಹೋತೇನ್ರಿ?”

ಮುಳುಗಿದ್ದು ನಿಜ. ಆದರೆ ಅದು ಮುಳುಗಿದ ಬಗೆಯನ್ನು ನಮ್ಮ ಭಾಗದವರು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳಬಲ್ಲರು. ಹೊಲದಲ್ಲಿ ತೊಗರಿ ಚೆನ್ನಾಗಿಯೇ ಬಂದಿತ್ತು, ವರ್ಷದಿಂದ ವರ್ಷಕ್ಕೆ ಇಳುವರಿ ಹೆಚ್ಚುತ್ತಲೇ ಇತ್ತು. ಕೈಬಿಟ್ಟದ್ದು ಬಂಡವಾಳ ಹೂಡಿದ್ದ ಅಡತ್ ಅಂಗಡಿ. ಫೋರ್ಸ್ ಇಂಡಿಯಾ ಎಂಬ ಫಾರ್ಮುಲಾ ಒನ್ ತಂಡದ ಕತೆಯನ್ನು ಒಬ್ಬ ಉದ್ಯಮಿಯ ಆಡಂಬರದ ಕತೆಯಾಗಿ ಹೇಳಿ ಮುಗಿಸುವುದು ರೂಢಿಯಾಗಿದೆ. ಹಾಗೆ ಹೇಳಿದರೆ, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿದ್ದ ತಂಡದ ಕಾರ್ಖಾನೆಯಲ್ಲಿ ಕಡಿಮೆ ಹಣದಲ್ಲಿ ಅಸಾಧಾರಣ ಕೆಲಸ ಮಾಡಿದ ನಾಲ್ಕು ನೂರು ಜನರಿಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಕಾರ್ಖಾನೆ ಭಾರತೀಯರ ಕೈಗೆ ಬರುವ ಮೊದಲೇ ಮೂರು ಹೆಸರುಗಳನ್ನು ಕಂಡಿತ್ತು. ಐರ್ಲೆಂಡಿನ ಎಡ್ಡಿ ಜೋರ್ಡನ್ 1991ರಲ್ಲಿ ತಮ್ಮದೇ ಹೆಸರಿನ ತಂಡವನ್ನು ಫಾರ್ಮುಲಾ ಒನ್‌ಗೆ ಇಳಿಸಿದರು. ಮೈಕೆಲ್ ಶೂಮಾಕರ್ ಅದೇ ವರ್ಷ ಬೆಲ್ಜಿಯಂನಲ್ಲಿ ತಮ್ಮ ಮೊದಲ ಓಟಕ್ಕೆ ನಿಂತದ್ದು ಜೋರ್ಡನ್‌ನ ಹಸಿರು ಕಾರಿನಲ್ಲಿ. 1998ರಲ್ಲಿ ಡೇಮನ್ ಹಿಲ್ ತಂಡಕ್ಕೆ ಮೊದಲ ಗೆಲುವು ತಂದರು, ಮರುವರ್ಷ ತಂಡ ಮೂರನೇ ಸ್ಥಾನಕ್ಕೇರಿತು. ನಂತರ ಹಣದ ಹರಿವು ಬತ್ತಿತು. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಓಡಿಸಿದ್ದು ಇದೇ ತಂಡದ ಕಾರನ್ನು. ಅಷ್ಟರಲ್ಲಿ ಅದು ಮಿಡ್‌ಲ್ಯಾಂಡ್ ಎಂಬ ಸಮೂಹಕ್ಕೆ ಮಾರಾಟವಾಗಿತ್ತು. 2006ರ ಕೊನೆಯ ಹೊತ್ತಿಗೆ ನೆದರ್ಲೆಂಡ್ಸ್‌ನ ಸ್ಪೈಕರ್ ಅದನ್ನು ಕೊಂಡಿತು.

2007ರ ಅಕ್ಟೋಬರ್‌ನಲ್ಲಿ ವಿಜಯ್ ಮಲ್ಯ, ಡಚ್ ಉದ್ಯಮಿ ಮಿಖೀಲ್ ಮೋಲ್ ಜೊತೆಗೂಡಿ 8.8 ಕೋಟಿ ಯೂರೊ ಕೊಟ್ಟು ತಂಡವನ್ನು ಖರೀದಿಸಿದರು. ಮುಂದಿನ ವರ್ಷ ಅದಕ್ಕೆ ಫೋರ್ಸ್ ಇಂಡಿಯಾ ಎಂಬ ಹೆಸರು ಬಂತು. ಕನ್ನಡಿಗರಿಗೆ 2008 ಎಂದರೆ ರಾಯಲ್ ಚಾಲೆಂಜರ್ಸ್ ಹುಟ್ಟಿದ ವರ್ಷ; ಎರಡೂ ತಂಡಗಳ ಮೇಲೆ ಕಾಣಿಸಿದ್ದು ಒಂದೇ ಯಜಮಾನರ ಮುಖ. ಮೊದಲ ವರ್ಷ ಫೋರ್ಸ್ ಇಂಡಿಯಾಕ್ಕೆ ಒಂದು ಅಂಕವೂ ಸಿಗಲಿಲ್ಲ. ಮೊನಾಕೊದ ಮಳೆಯಲ್ಲಿ ತಂಡದ ಚಾಲಕ ಏಡ್ರಿಯನ್ ಸುಟಿಲ್ ನಾಲ್ಕನೇ ಸ್ಥಾನದಲ್ಲಿದ್ದು ಇನ್ನೇನು ಓಟ ಮುಗಿಯಬೇಕು ಎನ್ನುವಾಗ ಹಿಂದಿನಿಂದ ಕಿಮಿ ರೈಕೊನೆನ್ ಅವರ ಫೆರಾರಿ ಹತೋಟಿ ತಪ್ಪಿ ಬಂದು ಗುದ್ದಿತು.

2009ರಲ್ಲಿ ಒಂದು ಮುಖ್ಯವಾದ ಬದಲಾವಣೆಯಾಯಿತು. ಎಂಜಿನ್ ಅನ್ನು ಮರ್ಸಿಡಿಸ್‌ನಿಂದ, ಗೇರ್‌ಬಾಕ್ಸ್ ಅನ್ನು ಮೆಕ್‌ಲಾರೆನ್‌ನಿಂದ ಕೊಂಡು, ಸ್ವಂತ ಜನರ ಶ್ರಮವನ್ನೆಲ್ಲ ಕಾರಿನ ಮೈಕಟ್ಟಿನ ಮೇಲೆ, ಅಂದರೆ ಗಾಳಿಯನ್ನು ಸೀಳುವ ವಿನ್ಯಾಸದ ಮೇಲೆ ಹಾಕಲು ತಂಡ ನಿರ್ಧರಿಸಿತು. ಇದರ ಫಲ ಆಗಸ್ಟ್ 30ರಂದು ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಕಂಡಿತು. ಏಳು ಕಿಲೊಮೀಟರ್ ಉದ್ದದ, ದೀರ್ಘ ನೇರ ದಾರಿಗಳಿರುವ ಆ ಟ್ರ್ಯಾಕ್‌ಗೆ ಗಾಳಿಯ ತಡೆ ಕಡಿಮೆ ಇರುವ ಈ ಕಾರು ಹೇಳಿ ಮಾಡಿಸಿದಂತಿತ್ತು. ಅದುವರೆಗಿನ 29 ಓಟಗಳಲ್ಲಿ ಅಂಕವನ್ನೇ ಕಾಣದ ತಂಡದ ಜಾನ್‌ಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದೆ, ಮೊದಲ ಸಾಲಿನ ಮೊದಲ ಜಾಗದಲ್ಲಿ ನಿಂತರು. ಮೊದಲ ಸುತ್ತಿನ ಅಪಘಾತದಿಂದಾಗಿ, ಎಲ್ಲರನ್ನೂ ನಿಧಾನವಾಗಿ ಹಿಂದೆ ಕರೆದೊಯ್ಯುವ ಸುರಕ್ಷತಾ ಕಾರು ಬಂದು, ಅದು ಸರಿದು ಓಟ ಮತ್ತೆ ಶುರುವಾದ ಗಳಿಗೆಯಲ್ಲಿ ರೈಕೊನೆನ್ ಏರು ದಾರಿಯಲ್ಲಿ ಒಂದು ಗುಂಡಿ ಒತ್ತಿದರು. ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಕೂಡಿಟ್ಟುಕೊಂಡು, ಸುತ್ತಿಗೆ ಆರೂವರೆ ಸೆಕೆಂಡಿನಷ್ಟು ಹೊತ್ತು ಸುಮಾರು 80 ಅಶ್ವಶಕ್ತಿಯನ್ನು ಹೆಚ್ಚುವರಿಯಾಗಿ ಕೊಡುವ ಸಾಧನ ಫೆರಾರಿಯಲ್ಲಿತ್ತು. ಫೋರ್ಸ್ ಇಂಡಿಯಾದ ಕಾರಿನಲ್ಲಿ ಇರಲಿಲ್ಲ. ಆ ಒಂದು ದಾಟುವಿಕೆಯಲ್ಲೇ ಓಟ ತೀರ್ಮಾನವಾಯಿತು. ಉಳಿದಷ್ಟೂ ಸುತ್ತು ಫಿಸಿಕೆಲ್ಲಾ ಆ ಕೆಂಪು ಕಾರಿನ ಬೆನ್ನಿಗೆ ಅಂಟಿಕೊಂಡೇ ಓಡಿಸಿ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಎರಡನೆಯವರಾದರು. ಅಂದು ವೇಗವಾಗಿದ್ದ ಕಾರು ಯಾವುದೆಂದು ನೋಡಿದ ಯಾರಿಗೂ ಅನುಮಾನ ಇರಲಿಲ್ಲ. ಫೆರಾರಿ ಮುಂದಿನ ಓಟಕ್ಕೇ ಫಿಸಿಕೆಲ್ಲಾ ಅವರನ್ನು ತನ್ನಲ್ಲಿಗೆ ಕರೆಸಿಕೊಂಡಿತು.

ಇಲ್ಲಿ ಸಣ್ಣ ತಂಡವೊಂದರ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕು. ಮುಂದಾದದ್ದೆಲ್ಲ ಅದರಲ್ಲೇ ಅಡಗಿದೆ. ಆಳಂದ, ಚಿತ್ತಾಪುರ, ಜೇವರ್ಗಿ ಕಡೆಯ ರೈತರು ಮಿರಗ ಮಳೆಗೆ ತೊಗರಿ ಬಿತ್ತುವಾಗ ಬೀಜ, ಗೊಬ್ಬರಕ್ಕೆ ಹಣ ಬೇಕು. ರಾಶಿಯಾಗಿ ಮಾಲು ನೆಹರು ಗಂಜ್ ತಲುಪುವುದು ಡಿಸೆಂಬರ್ ದಾಟಿದ ಮೇಲೆ. ನಡುವಿನ ಆರೇಳು ತಿಂಗಳು ಅಡತ್ ಅಂಗಡಿಯ ಉದ್ರಿಯ ಮೇಲೆ ಬದುಕು ಸಾಗುತ್ತದೆ. ಫಾರ್ಮುಲಾ ಒನ್‌ನಲ್ಲಿಯೂ ಹೀಗೆಯೇ. ಒಂದು ವರ್ಷ ಪಡೆದ ಸ್ಥಾನಕ್ಕೆ ಸಿಗುವ ಬಹುಮಾನದ ಹಣ ಮುಂದಿನ ವರ್ಷ ಕಂತುಗಳಲ್ಲಿ ಬರುತ್ತದೆ, ಆದರೆ ಹೊಸ ಕಾರು ಕಟ್ಟುವ ದೊಡ್ಡ ಖರ್ಚು ಋತು ಆರಂಭವಾಗುವ ಮೊದಲಿನ ಚಳಿಗಾಲದಲ್ಲೇ ಆಗಿಹೋಗುತ್ತದೆ. ಎಂಜಿನ್ ಬಾಬ್ತು, ಇಂಗಾಲದ ನಾರಿನ ಬಾಬ್ತು, ಸಂಬಳ, ಯಾವುದೂ ಕಾಯುವುದಿಲ್ಲ. ಆ ಕಂದಕವನ್ನು ಪ್ರಾಯೋಜಕರು ಇಲ್ಲವೇ ಯಜಮಾನರ ಜೇಬು ತುಂಬಬೇಕು. ಸಾಲದ್ದಕ್ಕೆ ಬಹುಮಾನದ ಹಂಚಿಕೆಯೂ ಸಮನಾಗಿರಲಿಲ್ಲ: ಫೆರಾರಿಯಂಥ ಹಳೆಯ, ದೊಡ್ಡ ತಂಡಗಳಿಗೆ ಗಳಿಸಿದ ಸ್ಥಾನ ಯಾವುದೇ ಇದ್ದರೂ ಪ್ರತ್ಯೇಕ ಪಾಲು ಸಿಗುತ್ತಿತ್ತು.

2011ರ ಅಕ್ಟೋಬರ್‌ನಲ್ಲಿ ಸಹಾರಾ ಸಮೂಹ 10 ಕೋಟಿ ಡಾಲರ್ ಹೂಡಿ ತಂಡದ ಶೇಕಡಾ 42.5 ಪಾಲು ಪಡೆಯಿತು. ಮಲ್ಯ ಅವರಿಗೂ ಅಷ್ಟೇ ಪಾಲು. ಉಳಿದ ಶೇಕಡಾ 15 ಮೋಲ್ ಕುಟುಂಬದ್ದು. ಅದೇ ತಿಂಗಳ 30ರಂದು ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಭಾರತದ ಮೊದಲ ಗ್ರ್ಯಾನ್ ಪ್ರಿ ನಡೆಯಿತು. ಗ್ಯಾರೇಜಿನ ಚಿತ್ರ ಆ ದಿನಗಳದ್ದು. ಸುಟಿಲ್ ಒಂಬತ್ತನೆಯವರಾಗಿ ಎರಡು ಅಂಕ ತಂದರು. ಆ ದಿನ ಕಣದಲ್ಲಿದ್ದ ಏಕೈಕ ಭಾರತೀಯ ಕಾರ್ತಿಕೇಯನ್ ಮಾತ್ರ ಸ್ಪೇನ್‌ನ ಎಚ್‌ಆರ್‌ಟಿ ತಂಡದ ಕಾರಿನಲ್ಲಿದ್ದರು. ಭಾರತದ ಹೆಸರು ಹೊತ್ತ ತಂಡದ ಕಾರನ್ನು ಹನ್ನೊಂದು ವರ್ಷಗಳಲ್ಲಿ ಒಬ್ಬ ಭಾರತೀಯನೂ ಓಟದಲ್ಲಿ ಓಡಿಸಲಿಲ್ಲ ಎಂಬ ನೋವು ನನ್ನಂಥ ಅನೇಕರಿಗೆ ಇಂದಿಗೂ ಇದೆ. ತಂಡ ನಡೆಸಿದ ಪ್ರತಿಭಾ ಹುಡುಕಾಟದಲ್ಲಿ ಆಯ್ಕೆಯಾದವರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಒಬ್ಬರು; ಅವರಿಗೂ ಆ ಬಾಗಿಲು ತೆರೆಯಲಿಲ್ಲ. ನೊಯ್ಡಾದ ಓಟ ಮೂರೇ ವರ್ಷಕ್ಕೆ ನಿಂತಿತು.

ಇಲ್ಲಿಂದ ಮುಂದೆ ಎರಡು ಪಂಚಾಂಗಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. 2012ರ ಅಕ್ಟೋಬರ್‌ನಲ್ಲಿ ಮಲ್ಯ ಅವರ ಕಿಂಗ್‌ಫಿಷರ್ ವಿಮಾನಗಳ ಹಾರಾಟ ನಿಂತು ಪರವಾನಗಿ ಅಮಾನತಾಯಿತು. ಮುಂದಿನ ತಿಂಗಳು ಬ್ರೆಜಿಲ್‌ನಲ್ಲಿ ನಿಕೊ ಹುಲ್ಕನ್‌ಬರ್ಗ್ ಫೋರ್ಸ್ ಇಂಡಿಯಾ ಕಾರಿನಲ್ಲಿ ಸುಮಾರು 30 ಸುತ್ತು ಎಲ್ಲರಿಗಿಂತ ಮುಂದಿದ್ದರು. 2014ರ ಮಾರ್ಚ್‌ನಲ್ಲಿ, ಹೂಡಿಕೆದಾರರಿಗೆ ಹಣ ಹಿಂದಿರುಗಿಸದ ಪ್ರಕರಣದಲ್ಲಿ ಸಹಾರಾದ ಸುಬ್ರತಾ ರಾಯ್ ಅವರನ್ನು ಸುಪ್ರೀಂ ಕೋರ್ಟ್ ತಿಹಾರ್ ಜೈಲಿಗೆ ಕಳುಹಿಸಿತು. ಏಪ್ರಿಲ್ 6ರಂದು ಬಹರೇನ್‌ನಲ್ಲಿ ಸೆರ್ಜಿಯೊ ಪೆರೆಜ್ ಮೂರನೆಯವರಾಗಿ, 2009ರ ನಂತರ ಮೊದಲ ಬಾರಿಗೆ ತಂಡವನ್ನು ವಿಜೇತರ ಕಟ್ಟೆಗೆ ಹತ್ತಿಸಿದರು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟು ಬ್ರಿಟನ್‌ಗೆ ಹೋದರು. ಬ್ಯಾಂಕುಗಳು ಹೇಳಿದ ಬಾಕಿ ಬಡ್ಡಿ ಸೇರಿ ಸುಮಾರು 9,000 ಕೋಟಿ ರೂಪಾಯಿ, ಅವರು ವಂಚನೆಯ ಆರೋಪಗಳನ್ನು ಅಲ್ಲಗಳೆದರು. ಏಪ್ರಿಲ್‌ನಲ್ಲಿ ಪಾಸ್‌ಪೋರ್ಟ್ ರದ್ದಾಗಿ ತಮ್ಮ ತಂಡದ ಓಟ ನೋಡಲು ಬ್ರಿಟನ್ ದಾಟುವುದು ಅವರಿಗೆ ಸಾಧ್ಯವಾಗದೆ ಹೋಯಿತು. ಮೇ ತಿಂಗಳಲ್ಲಿ ಮೊನಾಕೊದಲ್ಲಿ, ಜೂನ್‌ನಲ್ಲಿ ಬಾಕುವಿನಲ್ಲಿ ಪೆರೆಜ್ ಮತ್ತೆ ಮೂರನೇ ಸ್ಥಾನ ಪಡೆದರು. ಆ ವರ್ಷ ತಂಡ 173 ಅಂಕಗಳೊಂದಿಗೆ ನಾಲ್ಕನೇ ಸ್ಥಾನಕ್ಕೆ ಬಂತು, ಮರುವರ್ಷ 187 ಅಂಕ ಗಳಿಸಿ ಅದನ್ನು ಉಳಿಸಿಕೊಂಡಿತು. ಮುಂದಿದ್ದ ಮರ್ಸಿಡಿಸ್, ಫೆರಾರಿ, ರೆಡ್ ಬುಲ್ ಖರ್ಚು ಮಾಡುತ್ತಿದ್ದ ಹಣದ ಅರ್ಧದಷ್ಟೂ ಈ ತಂಡದ ಬಳಿ ಇರಲಿಲ್ಲ.

ಇದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ 2015ರ ಕಾರು ಒಳ್ಳೆಯ ನಿದರ್ಶನ. ಆ ವರ್ಷ ಹಣದ ಮುಗ್ಗಟ್ಟಿನ ನಡುವೆ ಹೊಸ ಕಾರು ತಡವಾಯಿತು. ತಂಡ ಮೊದಲ ಪರೀಕ್ಷಾರ್ಥ ಓಟಕ್ಕೆ ಹೋಗಲೇ ಇಲ್ಲ, ಎರಡನೆಯದಕ್ಕೆ ಹಿಂದಿನ ವರ್ಷದ ಕಾರನ್ನೇ ಒಯ್ದಿತು. ಅದೇ ಹೊತ್ತಿಗೆ ತಾಂತ್ರಿಕ ನಿರ್ದೇಶಕ ಆಂಡ್ರ್ಯೂ ಗ್ರೀನ್ ಅವರ ಬಳಗ ಗಾಳಿ ಹಾಯಿಸಿ ಕಾರಿನ ವಿನ್ಯಾಸ ಪರೀಕ್ಷಿಸುವ ತಮ್ಮ ಹಳೆಯ, ಚಿಕ್ಕ ವಾಯುಸುರಂಗವನ್ನು ಬಿಟ್ಟು ಜರ್ಮನಿಯ ಕಲೋನ್‌ನಲ್ಲಿರುವ ಟೊಯೋಟಾದ ಸುರಂಗವನ್ನು ಬಾಡಿಗೆಗೆ ಪಡೆಯಿತು. ಅಲ್ಲಿ ರೂಪುಗೊಂಡ ಸುಧಾರಿತ ಕಾರು, ಮೂಗಿನ ಎರಡೂ ಬದಿ ಹೊಳ್ಳೆಗಳಂಥ ರಂಧ್ರಗಳಿದ್ದದ್ದು, ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಕಣಕ್ಕಿಳಿಯಿತು. ವರ್ಷದ ಕೊನೆಗೆ ತಂಡ ಐದನೇ ಸ್ಥಾನದಲ್ಲಿತ್ತು. 1991ರ ಮೊದಲ ಜೋರ್ಡನ್ ಕಾರಿನ ಕೆಲಸದಲ್ಲಿ ಕೈಜೋಡಿಸಿದ್ದ ಗ್ರೀನ್ ನಡುವೆ ಬೇರೆ ತಂಡಗಳಿಗೆ ಹೋಗಿದ್ದು, ಮತ್ತೆ ಅದೇ ಜಾಗಕ್ಕೆ ಮರಳಿ ದುಡಿಯುತ್ತಿದ್ದರು.

ಸಣ್ಣ ತಂಡಗಳ ಪಾಡು ಸುತ್ತಲೂ ಹೀಗೆಯೇ ಇತ್ತು. 2010ರಲ್ಲಿ ಹೊಸದಾಗಿ ಬಂದ ಮೂರು ತಂಡಗಳಲ್ಲಿ ಎಚ್‌ಆರ್‌ಟಿ 2012ಕ್ಕೆ, ಕೇಟರ್‌ಹ್ಯಾಮ್ 2014ಕ್ಕೆ, ಮೇನರ್ 2017ರ ಆರಂಭಕ್ಕೆ ಮುಚ್ಚಿಹೋದವು. ಹಣದ ಹಂಚಿಕೆ ನ್ಯಾಯವಲ್ಲವೆಂದು ಫೋರ್ಸ್ ಇಂಡಿಯಾ 2015ರಲ್ಲಿ ಸೌಬರ್ ತಂಡದೊಂದಿಗೆ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟು, 2018ರ ಆರಂಭದಲ್ಲಿ ಹಿಂತೆಗೆದುಕೊಂಡಿತು. ತಂಡಗಳ ಖರ್ಚಿಗೆ ಮಿತಿ ಬಂದದ್ದು 2021ರಲ್ಲಿ.

ರಾಯಲ್ ಚಾಲೆಂಜರ್ಸ್ ಏಕೆ ಉಳಿಯಿತು, ಇದೇಕೆ ಉಳಿಯಲಿಲ್ಲ ಎಂದು ಕೇಳುವವರಿದ್ದಾರೆ. ಕ್ರಿಕೆಟ್ ತಂಡ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಸ್ವತ್ತಾಗಿತ್ತು. ಕಂಪನಿಯ ಹತೋಟಿ ಡಿಯಾಜಿಯೊ ಕೈಗೆ ಹೋದಾಗ ತಂಡವೂ ಅದರ ಜೊತೆ ಸುರಕ್ಷಿತವಾಗಿ ದಾಟಿಕೊಂಡಿತು. ಫಾರ್ಮುಲಾ ಒನ್ ತಂಡ ಹಾಗೆ ದೊಡ್ಡ ಕಂಪನಿಯೊಂದರ ನೆರಳಿನಲ್ಲಿರಲಿಲ್ಲ. ಅದರ ಷೇರುಗಳು ಯಜಮಾನರ ವ್ಯಾಜ್ಯಗಳ ಜೊತೆ ಗಂಟು ಬಿದ್ದಿದ್ದವು.

2018ರ ಜುಲೈ 27, ಶುಕ್ರವಾರ. ಹಂಗೆರಿಯಲ್ಲಿ ಅಭ್ಯಾಸದ ಸುತ್ತುಗಳು ನಡೆದ ದಿನವೇ ಲಂಡನ್ ಹೈಕೋರ್ಟ್ ತಂಡವನ್ನು ಆಡಳಿತಾಧಿಕಾರಿಗಳ ವಶಕ್ಕೆ ಒಪ್ಪಿಸಿತು. ಅರ್ಜಿ ಹಾಕಿದ್ದು ಚಾಲಕ ಪೆರೆಜ್ ಕಡೆಯವರು. ತಂಡದಿಂದ ಅವರಿಗೆ ಹಣ ಬರಬೇಕಿತ್ತು, ಮರ್ಸಿಡಿಸ್ ಮತ್ತು ಪ್ರಾಯೋಜಕ ಬಿಡಬ್ಲ್ಯುಟಿ ಅವರನ್ನು ಬೆಂಬಲಿಸಿದವು. ಇದನ್ನು ಉಂಡ ಮನೆಗೆ ಎರಡು ಬಗೆದದ್ದೆಂದು ಅನೇಕರು ಆಗ ಬೈದರು. ಅದು ಹಾಗಲ್ಲ. ತಂಡದಿಂದ ಬಾಕಿ ಬರಬೇಕಿದ್ದ ಇನ್ನೊಬ್ಬರ ಅರ್ಜಿಯ ಮೇಲೆ ಕಂಪನಿಯನ್ನೇ ಮುಚ್ಚಲು ಆದೇಶ ಬಂದಿದ್ದರೆ ಯಂತ್ರಗಳು ಹರಾಜಾಗಿ ಕೆಲಸಗಾರರು ಬೀದಿಗೆ ಬೀಳುತ್ತಿದ್ದರು. ಆಡಳಿತಾಧಿಕಾರಿಯ ಕೈಗೆ ಕೊಟ್ಟರೆ ಕಾರ್ಖಾನೆ ನಡೆಯುತ್ತಿರುವಾಗಲೇ ಹೊಸ ಯಜಮಾನನನ್ನು ಹುಡುಕಬಹುದು. ಪೆರೆಜ್ ಆ ದಿನ ಮಾಡಿದ್ದು ತಂಡದ ಇತಿಹಾಸದಲ್ಲೇ ಅತಿ ಜವಾಬ್ದಾರಿಯ ಕೆಲಸ ಎಂದು ನಾನು ನಂಬುತ್ತೇನೆ.

ಆಗಸ್ಟ್‌ನಲ್ಲಿ ಕೆನಡಾದ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ಮುಂದೆ ಬಂತು. ಷೇರುಗಳನ್ನು ಮಾರಬೇಕೆಂದರೆ ಭಾರತದ ಬ್ಯಾಂಕುಗಳ ಒಪ್ಪಿಗೆ ಬೇಕಿತ್ತು, ಅದು ಸಕಾಲದಲ್ಲಿ ಸಿಗಲಿಲ್ಲ. ಹೀಗಾಗಿ ಕಂಪನಿಯನ್ನು ಬಿಟ್ಟು ಅದರ ಕಾರು, ಯಂತ್ರ, ಕಾರ್ಖಾನೆಗಳನ್ನಷ್ಟೇ ಕೊಳ್ಳಲಾಯಿತು, 405 ಜನರ ಕೆಲಸ ಉಳಿಯಿತು. ಆದರೆ ನಿಯಮದ ಪ್ರಕಾರ ಹಳೆಯ ಕಂಪನಿ ಸ್ಪರ್ಧೆಯಿಂದ ಹೊರಬಿತ್ತು, ಅದು ಗಳಿಸಿದ್ದ 59 ಅಂಕಗಳೂ ಅದರೊಂದಿಗೇ ಹೋದವು. ಅವೇ ಕಾರುಗಳು, ಅವೇ ಚಾಲಕರು ರೇಸಿಂಗ್ ಪಾಯಿಂಟ್ ಫೋರ್ಸ್ ಇಂಡಿಯಾ ಎಂಬ ಹೆಸರಿನಲ್ಲಿ ಸೊನ್ನೆಯಿಂದ ಶುರುಮಾಡಿದ್ದು ಸ್ಪಾದಲ್ಲಿ. ಅಲ್ಲಿ ಎಸ್ಟೆಬಾನ್ ಒಕಾನ್ ಮೂರನೇ, ಪೆರೆಜ್ ನಾಲ್ಕನೇ ಜಾಗದಿಂದ ಹೊರಟು ಕ್ರಮವಾಗಿ ಆರನೇ ಮತ್ತು ಐದನೇ ಸ್ಥಾನಗಳನ್ನು ತಂಡಕ್ಕೆ ತಂದರು. ಕೊನೆಯ ಒಂಬತ್ತು ಓಟಗಳಲ್ಲಿ ಬಂದದ್ದು 52 ಅಂಕ, ಏಳನೇ ಸ್ಥಾನ. ಕಳೆದುಹೋದ 59 ಸೇರಿದ್ದರೆ 111 ಆಗುತ್ತಿತ್ತು. ಐದನೇ ಸ್ಥಾನ ಪಡೆದ ಹಾಸ್ ತಂಡದ ಅಂಕ 93.

ಮರುವರ್ಷ ಹೆಸರಿನಿಂದ ಇಂಡಿಯಾ ಹೋಯಿತು, 2021ರಲ್ಲಿ ಆಸ್ಟನ್ ಮಾರ್ಟಿನ್ ಎಂಬ ಹೆಸರು ಬಂತು. ಆ ಎರಡರ ನಡುವೆ, 2020ರ ಡಿಸೆಂಬರ್ 6ರಂದು, ಬಹರೇನ್‌ನ ಸಾಖಿರ್ ಗ್ರ್ಯಾನ್ ಪ್ರಿಯಲ್ಲಿ ಪೆರೆಜ್ ಮೊದಲ ಸುತ್ತಿನಲ್ಲೇ ಗುದ್ದಿಸಿಕೊಂಡು ಕೊನೆಯ ಸ್ಥಾನಕ್ಕೆ ಬಿದ್ದರು. ಒಬ್ಬೊಬ್ಬರನ್ನೇ ದಾಟುತ್ತ ಬಂದು ಓಟ ಗೆದ್ದರು. ಜೋರ್ಡನ್ ತಂಡ 2003ರಲ್ಲಿ ಬ್ರೆಜಿಲ್‌ನಲ್ಲಿ ಗೆದ್ದ ಮೇಲೆ ಆ ಕಾರ್ಖಾನೆಯ ಕಾರೊಂದು ಗೆದ್ದದ್ದು ಅದೇ ಮೊದಲು. ಮುಂದಿನ ವರ್ಷಕ್ಕೆ ಅಲ್ಲಿ ಜಾಗವಿಲ್ಲ ಎಂದು ಪೆರೆಜ್‌ಗೆ ಆಗಲೇ ತಿಳಿಸಲಾಗಿತ್ತು. ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ, ರೆನೊ ತಂಡದ ಅಂಗಿಯಲ್ಲಿ ಎರಡನೆಯವರಾಗಿ ನಿಂತಿದ್ದವರು ಒಕಾನ್.